ಗೆಳತಿಯರು ಸಿಗದ ಕ್ಯಾಂಪಸ್ಸಿನಲ್ಲಿ ಏನು ಮಾಡಲಿ?

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿ ಬರೆದಿದ್ದಾರೆ. ಪತ್ರದ ಸಾರ ಇಷ್ಟು: “ಈ ವರ್ಷ ಬೆಂಗಳೂರಿನ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಇತಿಹಾಸಕ್ಕೆ ಸೇರಿದ್ದೇನೆ. ಹಾಸ್ಟೆಲ್ ಸಿಕ್ಕಿದೆ, ಗೆಳತಿಯರು ಸಿಕ್ಕಿಲ್ಲ. ಸೆಮಿನಾರಿನಲ್ಲಿ ‘ಹೇಳಾಕತ್ತೀನಿ’ ಅಂದಾಗ ಹಿಂದಿನ ಬೆಂಚಿನವರು ನಕ್ಕರು. ಅಂದಿನಿಂದ ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ. ಮಧ್ಯಾಹ್ನ ಒಬ್ಬಳೇ ಊಟ ಮಾಡುತ್ತೇನೆ. ಬಿಟ್ಟು ಊರಿಗೆ ಹೋಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಲೇ?”

ತಂಗೀ, ನಿಮ್ಮ ಪತ್ರ ಓದಿ ಸಂಕಟವಾಯಿತು. ಸಿಟ್ಟೂ ಬಂತು. ಮೊದಲು ಆ ನಗುವಿನ ವಿಷಯ.

9ನೇ ಶತಮಾನದ ‘ಕವಿರಾಜಮಾರ್ಗ’ವನ್ನು ನೀವು ಪಠ್ಯದಲ್ಲಿ ನೋಡಿರುತ್ತೀರಿ. ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಿನ ನಾಡಿನಲ್ಲಿ ಎಂದು ಅದು ಹೇಳುತ್ತದೆ. ಕೊಪಣ ಅಂದರೆ ನಿಮ್ಮ ಜಿಲ್ಲೆಯ ಕೊಪ್ಪಳವೇ. ಇತಿಹಾಸದ ಕ್ಲಾಸಿನಲ್ಲಿ ಕೂತು ಆ ಸೀಮೆಯ ಮಾತಿಗೆ ನಗುವವರು ತಮ್ಮ ಪಾಠವನ್ನೇ ಸರಿಯಾಗಿ ಓದಿಲ್ಲ. ಅಲ್ಲಿದ್ದ ಮೇಷ್ಟ್ರು ಅವತ್ತೇ ತಡೆಯಬೇಕಿತ್ತು. ತಡೆಯದೆ ಹೋದದ್ದು ತಪ್ಪು. ನೀವು ಮಾತು ಬದಲಾಯಿಸಿಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಇನ್ನು ಒಂಟಿತನ. ಅದು ನಿಮ್ಮ ಸ್ವಭಾವದ ದೋಷ ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯ ಅಂದರೆ ಜನ ಜಾಸ್ತಿ, ಹಾಗಾಗಿ ಸ್ನೇಹವೂ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಡೆಯುವುದು ಬೇರೆ. ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಜ್ಞಾನಭಾರತಿಯನ್ನೇ ನೋಡಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಶುರುವಾದಾಗ ಅದರ ಬೇರು ಊರ ನಡುವಿನ ಸೆಂಟ್ರಲ್ ಕಾಲೇಜಿನಲ್ಲಿತ್ತು. ಕ್ಲಾಸ್ ಬಿಟ್ಟರೆ ಎದುರಿಗೇ ಪೇಟೆ, ಹೋಟೆಲು. ಆಮೇಲೆ ಮೈಸೂರು ರಸ್ತೆಯ ಪಕ್ಕ ಸಾವಿರ ಎಕರೆಗೂ ಮೀರಿದ ಜಾಗಕ್ಕೆ ಬಂದರು. ಮರಗಿಡ, ತಣ್ಣನೆ ಗಾಳಿ, ಎಲ್ಲ ಚೆಂದವೇ. ಆದರೆ ವಿಭಾಗಗಳು ಅಲ್ಲೊಂದು ಇಲ್ಲೊಂದು. ಸಂಜೆ ನಾಲ್ಕೂವರೆಗೆ ಬಸ್ ಸ್ಟಾಪಿನಲ್ಲಿ ನಿಂತು ನೋಡಿ. ಬ್ಯಾಗು ಎದೆಗವಚಿಕೊಂಡು ಒಂದು ಗುಂಪು ಬಿಎಂಟಿಸಿ ಹತ್ತುತ್ತದೆ, ಇನ್ನೊಂದು ಮೆಟ್ರೋ ಕಡೆ ನಡೆಯುತ್ತದೆ. ಕಾರಿಡಾರು ಖಾಲಿ.

ಹೀಗೆ ಓಡುವವರನ್ನು ಬೈಯುವಂತಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಮನಗರ, ಚನ್ನಪಟ್ಟಣದ ಹುಡುಗಿಯರು ದುಡ್ಡಿಲ್ಲದೆ ದಿನಾ ಬಂದು ಹೋಗಬಹುದು. ಎಷ್ಟೋ ಮನೆಗಳಲ್ಲಿ ಮಗಳನ್ನು ಎಂ.ಎ.ಗೆ ಕಳಿಸಲು ಅದೇ ಧೈರ್ಯ. ಅವರ ಸಂಜೆ ಬಸ್ಸಿನಲ್ಲೇ ಕಳೆಯುತ್ತದೆ. ನಿಮ್ಮ ಜತೆ ಕೂತು ಟೀ ಕುಡಿಯಲು ಅವರಿಗೆ ಹೊತ್ತಿಲ್ಲ, ಮನಸ್ಸಿಲ್ಲ ಅಂತಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1980ರ ದಶಕದ ಕೊನೆಯಲ್ಲಿ ನಿಂತವು. ಹೊಡೆದಾಟದ ಭಯ ಸುಳ್ಳಲ್ಲ. ಆದರೆ ಬೇರೆ ಬೇರೆ ವಿಭಾಗದವರು ಒಟ್ಟಿಗೆ ಸೇರಲು ಇದ್ದ ಒಂದು ನೆಪವೂ ಅದರ ಜತೆಗೇ ಹೋಯಿತು. ಈಗ ಎಲ್ಲರೂ ಒಂದಾಗುವುದು ಏನಾದರೂ ಆಗಬಾರದ್ದು ಆದಾಗ. 2022ರ ಅಕ್ಟೋಬರಿನಲ್ಲಿ ಜ್ಞಾನಭಾರತಿಯೊಳಗೆ ವಿದ್ಯಾರ್ಥಿನಿಯೊಬ್ಬರು ಬಸ್ಸಿಗೆ ಸಿಕ್ಕಿ, ಕೊನೆಗೆ ತೀರಿಕೊಂಡರು. ಹೊರಗಿನ ವಾಹನ ಒಳಗೆ ಬಿಡಬೇಡಿ ಎಂದು ವಿದ್ಯಾರ್ಥಿಗಳು ರಸ್ತೆಯಲ್ಲೇ ಕೂತರು. ಒಂದಾಗುವ ಮನಸ್ಸು ಹುಡುಗರಲ್ಲಿ ಇದೆ. ಅದಕ್ಕೆ ಒಂದು ಸಾವು ಬೇಕಾಯಿತಲ್ಲ ಅನ್ನುವುದೇ ನನ್ನ ನೋವು. ವಾರಕ್ಕೊಂದು ಮಧ್ಯಾಹ್ನ ಕ್ಲಾಸಿಲ್ಲದೆ ಬಿಟ್ಟು, ಒಂದು ಕೋಣೆ, ನಾಲ್ಕು ಬೆಂಚು ಕೊಟ್ಟರೆ ಸಾಕು. ವಿಭಾಗದ ಮುಖ್ಯಸ್ಥರು ಯಾರಾದರೂ ಇದನ್ನು ಓದುತ್ತಿದ್ದರೆ ಇದು ಅವರಿಗೂ ನನ್ನ ಬೇಡಿಕೆ.

ಅಲ್ಲಿಯವರೆಗೆ ನೀವೇನು ಮಾಡಬಹುದು? ಹಾಸ್ಟೆಲಿನಿಂದ ಶುರು ಮಾಡಿ. ರಾತ್ರಿ ತಟ್ಟೆ ಹಿಡಿದು ರೂಮಿಗೆ ಹೋಗಬೇಡಿ, ಮೆಸ್ಸಿನಲ್ಲೇ ಕೂತು ಉಣ್ಣಿ. ದಿನಾ ಅದೇ ಮೇಜು, ಅದೇ ಹೊತ್ತು. ಮುದ್ದೆ ನುಂಗಲು ಬರದ ರಾಯಚೂರಿನವಳು, ಅನ್ನ ಸಾಕಾಗದೆ ಎರಡನೇ ಸಲ ಸಾಲಿನಲ್ಲಿ ನಿಂತ ಕೋಲಾರದವಳು ಅಲ್ಲೇ ಸಿಗುತ್ತಾರೆ. “ಯಾವೂರು ನಿಮ್ದು?” ಅಂತ ಕೇಳಿದರೆ ಮುಖ ತಿರುಗಿಸುವವರು ಕಮ್ಮಿ.

ಮತ್ತೊಂದು, ಒಂದು ಭಾನುವಾರ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ‘ಬೆಂಗಳೂರು’ ಎಂಬ ಹೆಸರಿರುವ, ಸುಮಾರು ಕ್ರಿ.ಶ. 900ರ ಶಾಸನ ಅಲ್ಲಿದೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿದರಾಯಿತು, ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡೂ ಇಲ್ಲ. ಒಬ್ಬರೇ ಹೋಗಬೇಡಿ. ಕ್ಲಾಸಿನ ಇಬ್ಬರನ್ನು ಕರೆಯಿರಿ, ಬೆಂಗಳೂರಿನವರನ್ನೇ ಕರೆಯಿರಿ. ಆ ಹಳೆಗನ್ನಡ ಅವರಿಗೂ ಸುಲಭಕ್ಕೆ ಬಗೆಹರಿಯುವುದಿಲ್ಲ. ಕಲ್ಲಿನ ಮುಂದೆ ಮೂವರೂ ಬಗ್ಗಿ ಅಕ್ಷರ ಕೂಡಿಸುವಾಗ ಯಾರ ಮಾತು ಯಾವ ಸೀಮೆಯದು ಅಂತ ಯಾರಿಗೂ ನೆನಪಿರುವುದಿಲ್ಲ. ಸುಮ್ನೆ ಸ್ನೇಹ ಮಾಡೋಣ ಅಂತ ಹೊರಟರೆ ನಾಚಿಕೆ ಅಡ್ಡ ಬರುತ್ತದೆ, ಕೆಲಸವೊಂದಿದ್ದರೆ ಮಾತು ತಾನೇ ಬರುತ್ತದೆ, ಅಲ್ವಾ?

ಮುಕ್ತ ವಿಶ್ವವಿದ್ಯಾಲಯದ ಓದು ಕೀಳಲ್ಲ. 1996ರಿಂದ ಮೈಸೂರಿನ ಆ ಸಂಸ್ಥೆಯಲ್ಲಿ ಕೆಲಸ, ಸಂಸಾರ ನೋಡಿಕೊಂಡೇ ಜನ ಪದವಿ ಪಡೆಯುತ್ತಿದ್ದಾರೆ. ಆದರೆ ನಕ್ಕವರಿಗೆ ಹೆದರಿ ಅಲ್ಲಿಗೆ ಹೋಗಬೇಡಿ. ಎರಡನೇ ಸೆಮಿಸ್ಟರ್ ಪರೀಕ್ಷೆ ಬರೆಯಿರಿ, ರಜೆಯಲ್ಲಿ ಊರಿಗೆ ಹೋಗಿ ಅಪ್ಪ ಅಮ್ಮನ ಜತೆ ಕೂತು ತೀರ್ಮಾನ ಮಾಡಿ. ಈಗಲೇ ಬಿಟ್ಟರೆ ಕಷ್ಟಪಟ್ಟು ಸಿಕ್ಕ ಹಾಸ್ಟೆಲ್ ಸೀಟೂ ಕೈತಪ್ಪುತ್ತದೆ.

— ಸಂ.