ಎಂಜಿಎ ಕ್ಯಾಮ್‌ಶಾಫ್ಟ್: ಹೊಸಾ ಕ್ಯಾಮಿಗೆ ಹಳೇ ಟ್ಯಾಪೆಟ್ ಬ್ಯಾಡ್ರಿ

ಧಾರವಾಡದ ಅಣ್ಣಾರ, ನಿಮ್ಮ ಎಂಜಿಎ 1500 (1950ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಬಗ್ಗೆ ಬರದದ್ದು ಓದಿದೆ. ಟ್ಯಾಪೆಟ್ ಗ್ಯಾಪ್ ಎಷ್ಟ ಸಲ ಸೆಟ್ ಮಾಡಿದ್ರೂ ಮತ್ತ ಟಕ್ ಟಕ್ ಅಂತೈತಿ, ಏರಿನ್ಯಾಗ ಗಾಡಿಗೆ ದಮ್ಮಿಲ್ಲ, ಮಿಸ್ತ್ರಿ 'ಕ್ಯಾಮ್ ಸವದೈತಿ' ಅಂದಾನ. (ಕ್ಯಾಮ್ ಅಂದ್ರ ಉಬ್ಬುಗಳಿರೂ ಶಾಫ್ಟ್, ಆ ಉಬ್ಬಿಗೆ ಲೋಬ್ ಅಂತಾರ. ಲೋಬಿನ ಮ್ಯಾಲೆ ಕುಂತ ಟ್ಯಾಪೆಟ್ ಪುಶ್‌ರಾಡ್ ಅನ್ನೂ ಸರಳನ್ನ ಎತ್ತತೈತಿ, ಅದು ರಾಕರ್ ಒತ್ತಿ ವಾಲ್ವ್ ತೆರೀತೈತಿ.) ಮ್ಯಾಲಿನ ಕಮೆಂಟಿನ್ಯಾಗ ಒಬ್ರು 'ಅಂಬಾಸಡರ್ ಕ್ಯಾಮ್ ಹಾಕಿ ಬಿಡ್ರಿ, ಟ್ಯಾಪೆಟ್ ಹಳೇವ ನಡೀತಾವ' ಅಂದಾರ. ಕ್ಯಾಮಿನ ಮಾತು ಅರ್ಧಾ ಖರೆ. ಟ್ಯಾಪೆಟ್ ಮಾತು ಮಾತ್ರ ಕೇಳಬ್ಯಾಡ್ರಿ.

ಬಿಚ್ಚೂಕಿಂತ ಮೊದಲ ಖಾತ್ರಿ ಮಾಡಿಕೋರಿ. ರಾಕರ್ ಕವರ್ ತಗದು, ಡಯಲ್ ಗೇಜ್ ಇಟ್ಟು ಎಂಟೂ ಪುಶ್‌ರಾಡ್ ಎಷ್ಟೆಷ್ಟು ಏರತಾವ ಅಂತ ಅಳೀರಿ. ಒಂದ ಒಂದು ಉಳಿದವಕ್ಕಿಂತ ಕಡಿಮಿ ಏರಿದ್ರ ಆ ಲೋಬ್ ಹೋಗೈತಿ ಅಂತನ ತಿಳೀರಿ.

ಈಗ ಅಂಬಾಸಡರ್ ಮಾತು. ಎರಡೂ ಗಾಡಿಯೊಳಗ ಇದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್‌ನ 1489 ಸಿಸಿ ಇಂಜಿನ್ನ. ಅದಕ್ಕ ಹುಬ್ಬಳ್ಳಿಯೊಳಗ ಅಂಬಾಸಡರ್ ಬಿಚ್ಚಿ ಕೈ ಪಳಗಿದ ಹಿರಿ ಮಿಸ್ತ್ರಿಗೆ ನಿಮ್ಮ ಇಂಜಿನ್ ಹೊಸದಲ್ಲ. ಸ್ಪೋರ್ಟ್ಸ್ ಕಾರು ಅಂತ ಬೆಂಗಳೂರಿಗೆ ಹೊರಸಿಕೊಂಡು ಹೋಗೂದು ಬ್ಯಾಡ. ಆದ್ರ ಕ್ಯಾಮ್ ತೂತಿನ್ಯಾಗ ಕುಂತ್ರ ಸಾಕಾಗೂದಿಲ್ಲ. ನಿಮ್ಮದು ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ಇರೂ ಇಂಜಿನ್, ಕ್ಯಾಮ್ ಅದಕ್ಕ ಹೊಂದಬೇಕು. ಲೋಬಿನ ಎತ್ತರ, ವಾಲ್ವ್ ತೆರೆಯೂ ಹೊತ್ತು ಎರಡೂ ತಾಳೆ ನೋಡದ ಹಾಕಬ್ಯಾಡ್ರಿ.

ಇಂಜಿನ್ ಇಳಿಸಿನ ಮಾಡ್ರಿ. ಗಾಡಿಯೊಳಗ ಇದ್ದಂಗ ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ಪಾತ್ರಿ), ಆಯಿಲ್ ಪಂಪ್ ಬಿಚ್ಚೂದು ಬರೇ ತ್ರಾಸು. ನೀರು ಮೊದಲ ಪೂರ್ತಿ ಖಾಲಿ ಮಾಡ್ರಿ, ಯಾಕಂದ್ರ ಈ ಇಂಜಿನ್ಯಾಗ ರಾಕರ್ ಶಾಫ್ಟಿನ ನಾಲ್ಕು ನಟ್ಟು ಹೆಡ್ಡನ್ನೂ ಹಿಡದಿರತಾವ. ಅವನ್ನಷ್ಟ ಸಡಲ ಮಾಡಿದ್ರ ಹೆಡ್ ಒಂದ ಕಡೆ ಎತ್ತಿ ನೀರು ಸಿಲಿಂಡರಿಗೆ ಇಳೀತೈತಿ. ಹೆಡ್ಡಿನ ಎಲ್ಲಾ ನಟ್ಟೂ ಸರದಿ ಪ್ರಕಾರ ಸ್ವಲ್ಪ ಸ್ವಲ್ಪ ಸಡಲಿಸಿಕೊಂಡು ಹೋಗ್ರಿ.

ಡಿಸ್ಟ್ರಿಬ್ಯೂಟರೂ ಅದರ ಹೌಸಿಂಗೂ ತಗದ ಮ್ಯಾಲೆ ಒಳಗ ಕ್ಯಾಮಿನ ಹಲ್ಲಿಗೆ ಕೂಡಿದ ಗಿಡ್ಡ ಶಾಫ್ಟ್ ಕಾಣತೈತಿ. ಅದು ಬರದ ಕ್ಯಾಮ್ ಬರಂಗಿಲ್ಲ. ಅದರ ತಲಿಯೊಳಗ ಇಂಚಿನ ಅಳತಿಯ 5/16 ಯುಎನ್‌ಎಫ್ ಆಟಿ ಐತಿ. ಅದ ಅಳತೀದು ಉದ್ದನ್ನ ಬೋಲ್ಟ್ ತಿರುವಿ ಮ್ಯಾಲೆ ಎಳೀರಿ. ನಮ್ಮ ಅಂಗಡ್ಯಾಗ ಸಿಗೂ 8 ಎಂಎಂ ಬೋಲ್ಟ್ ಕಣ್ಣಿಗೆ ಹಂಗ ಕಾಣತೈತಿ, ಎರಡ ಸುತ್ತು ಹೋಗತೈತಿ, ಆಮ್ಯಾಲೆ ಆಟಿ ಕತ್ತರಿಸತೈತಿ. ಗಟ್ಟಿ ಹತ್ತಿದ ಕೂಡಲೆ ನಿಲ್ಲಸ್ರಿ. ಆಯಿಲ್ ಪಂಪಿನ ಶಾಫ್ಟೂ ಕ್ಯಾಮಿನ ಹಲ್ಲಿಗೆ ಹತ್ತಿರತೈತಿ, ಅದನ್ನೂ ಚೇಂಬರ್ ಕಡಿಂದ ಇಳಸ್ರಿ. ಮುಂದಿನ ಪುಲ್ಲಿ, ಟೈಮಿಂಗ್ ಕವರ್, ಚೈನು ಗೊತ್ತಿದ್ದ ಕೆಲಸ. ಕ್ಯಾಮನ್ನ ಹಿಡದಿರೂ ಪ್ಲೇಟಿನ ಮೂರು ಬೋಲ್ಟ್ ತಗದು ಕ್ಯಾಮನ್ನ ತಿರುವಿಕೋತ ನೆಟ್ಟಗ ಎಳೀರಿ. ತೂಕ ಕೆಳಗ ಬಿದ್ದ ಲೋಬಿನ ಮೂಲಿ ಬೇರಿಂಗಿನ ಮೆತ್ತನ ಲೋಹಕ್ಕ ಗೀರು ಹಾಕೂದು ಇಲ್ಲೇ.

ಟ್ಯಾಪೆಟ್ ಬಾಜೂದ ಕವರಿನಿಂದ ಹೊರಗ ಬರತಾವ. ಬಂದ ಮ್ಯಾಲೆ ತೊಳದು ತಳಾ ಮ್ಯಾಲೆ ಮಾಡ್ರಿ, ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡೀರಿ. ಹೊಸದಿದ್ರ ತಳಾ ಕೂದಲೆಳಿಯಷ್ಟು ಉಬ್ಬಿರತೈತಿ, ಸ್ಕೇಲ್ ನಡುವ ಕುಂತು ಅತ್ತಿತ್ತ ತೂಗತೈತಿ. ಸವದದ್ದು ನಡುವ ತಗ್ಗಾಗಿ ಸ್ಕೇಲಿನ ಕೆಳಗ ಬೆಳಕು ಕಾಣತೈತಿ. ಆ ಉಬ್ಬೂ, ಲೋಬಿಗಿರೂ ಸಣ್ಣ ಓರೆನೂ ಕೂಡಿ ಟ್ಯಾಪೆಟ್ಟನ್ನ ಅದರ ತೂತಿನ್ಯಾಗ ತಿರುಗಸತಾವ. ತಿರುಗೂತನಕ ಸವಕಳಿ ಸುತ್ತಲೂ ಹಂಚಿ ಹೋಗತೈತಿ. ತಗ್ಗಾದ ಟ್ಯಾಪೆಟ್ ಹೊಸಾ ಲೋಬಿನ ಮ್ಯಾಲೆ ತಿರುಗೂದಿಲ್ಲ, ಒಂದ ಗೆರಿ ಮ್ಯಾಲೆ ಉಜ್ಜಿ ಉಜ್ಜಿ ಲೋಬನ್ನ ತಿಂದ ಹಾಕತೈತಿ. ಕ್ಯಾಮಿಗೆ ಅಷ್ಟು ರೊಕ್ಕ ಹಾಕಿ ಎಂಟು ಟ್ಯಾಪೆಟ್ಟಿನ್ಯಾಗ ಉಳಿತಾಯ ಮಾಡೂದು ಯಾವ ಲೆಕ್ಕ?

ಜೋಡಸೂವಾಗ ಲೋಬಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಂ ಪೇಸ್ಟ್ ಹಚ್ರಿ, ಬರೇ ಆಯಿಲ್ ಸಾಲೂದಿಲ್ಲ. ಪ್ಲೇಟ್ ಬಿಗದ ಮ್ಯಾಲೆ ಕ್ಯಾಮಿನ ಹಿಂದ-ಮುಂದ ಆಟ 0.003ರಿಂದ 0.007 ಇಂಚಿನೊಳಗ ಇರಬೇಕು. ಎರಡೂ ಗೇರಿನ ಚುಕ್ಕಿ ಎದುರಾಬದುರ ಬರೂವಂಗ ಚೈನ್ ಹಾಕ್ರಿ. ಚೈನೂ ಟೆನ್ಷನರೂ ಹಳೇವಾಗಿದ್ರ ಈಗ ಬದಲಿ ಮಾಡ್ರಿ. ಡಿಸ್ಟ್ರಿಬ್ಯೂಟರ್ ಶಾಫ್ಟ್ ಇಳಸೂ ಮುಂಚೆ 1ನೇ ಪಿಸ್ಟನ್ ಕಂಪ್ರೆಶನ್ನಿನ್ಯಾಗ ಮ್ಯಾಲ ಇರಬೇಕು. ಆ ಹೊತ್ತಿಗೆ 4ನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚಿ ಇನ್ನೊಂದು ತೆರೀತಿರತೈತಿ. ಟ್ಯಾಪೆಟ್ ಸೆಟ್ಟಿಂಗಿಗೆ ಒಂಬತ್ತರ ಲೆಕ್ಕ (ಎರಡೂ ನಂಬರ್ ಕೂಡಿದ್ರ ಒಂಬತ್ತು) ಹಿಡೀರಿ: 8ನೇ ವಾಲ್ವ್ ಪೂರ್ತಿ ತೆರದಾಗ 1ನೇದ್ದು, 7 ತೆರದಾಗ 2ನೇದ್ದು.

ಸ್ಟಾರ್ಟ್ ಮಾಡೂ ದಿನ ಅವಸರ ಬ್ಯಾಡ. ಕಾರ್ಬುರೇಟರ್‌ನ್ಯಾಗ ಪೆಟ್ರೋಲ್, ರೇಡಿಯೇಟರಿನ್ಯಾಗ ನೀರು, ಟೈಮಿಂಗ್ ಎಲ್ಲಾ ಪಕ್ಕಾ ಇದ್ರಷ್ಟ ಚಾವಿ ತಿರುವ್ರಿ. ಸುಮ್ನ ಸೆಲ್ಫ್ ಹೊಡಕೋತ ಕುಂತ್ರ ಹಚ್ಚಿದ ಪೇಸ್ಟ್ ಒರಸಿ ಹೋಗತೈತಿ. ಹತ್ತಿದ ಕೂಡಲೆ ಆಯಿಲ್ ಪ್ರೆಶರ್ ನೋಡ್ರಿ, ಬಂದ್ರ ನೇರ 2000 ಆರ್‌ಪಿಎಂಗೆ ಏರಸಿ 20 ನಿಮಿಷ ಅಲ್ಲೇ ಸ್ವಲ್ಪ ಮ್ಯಾಲೆ ಕೆಳಗ ಆಡಸ್ರಿ. ಐಡಲ್‌ಗೆ ಬಿಡಬ್ಯಾಡ್ರಿ, ಲೋಬಿಗೆ ಆಯಿಲ್ ಕ್ರ್ಯಾಂಕ್ ತಿರುಗಿ ಚಿಮ್ಮಿಸಿದ್ದ ಬರೂದು, ಐಡಲ್‌ನ್ಯಾಗ ಅದು ಭಾಳ ಕಡಿಮಿ. ನಮ್ಮ ಬ್ಯಾಸಗಿಯೊಳಗ ಮಾಡಿದ್ರ ರೇಡಿಯೇಟರ್ ಮುಂದ ದೊಡ್ಡ ಫ್ಯಾನ್ ಇಡ್ರಿ.

ಆಯಿಲ್ ತಗೋಳುವಾಗ ಜಿಂಕ್ (ಸವಕಳಿ ತಡಿಯೂ ಸೇರ್ಪಡಿ) ಇರೂ 20ಡಬ್ಲ್ಯೂ-50 ಕೇಳ್ರಿ. ಇತ್ತೀಚಿನ ಕಾರಿನ ಆಯಿಲ್‌ನ್ಯಾಗ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಅದನ್ನ ಕಡಿಮಿ ಮಾಡ್ಯಾರ. ಓಡಿಸಿದ ಮ್ಯಾಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಟ್ಯಾಪೆಟ್ ಗ್ಯಾಪ್ ಇನ್ನೊಮ್ಮೆ ನೋಡ್ರಿ. ಬಿಚ್ಚಿದಾಗ ಟ್ಯಾಪೆಟ್ ತಳದ ಫೋಟೋ ಇಲ್ಲಿ ಹಾಕ್ರಿ, ಹಳೇವ ನಡೀತಾವ ಅಂದೋರೂ ನೋಡ್ಲಿ.