ನೀರು ಶುದ್ಧೀಕರಣ ಘಟಕದ ಪಿಎಲ್‌ಸಿಗೆ ಪಾಸ್‌ವರ್ಡ್ ಹಾಕಿದರೆ ಸಾಕೇ?

ಸಾಲದು. ಪಿಎಲ್‌ಸಿ ಎಂದರೆ ಪಂಪ್‌ನಂಥ ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್. ಅದರ ಪಾಸ್‌ವರ್ಡ್ ಸಾಮಾನ್ಯವಾಗಿ ಪ್ರೋಗ್ರಾಂ ಬದಲಿಸುವುದನ್ನಷ್ಟೇ ತಡೆಯುತ್ತದೆ. ಪಿಎಲ್‌ಸಿಗಳೊಂದಿಗೆ ಮಾತಾಡಲು ಬಳಸುವ 1979ರ ಸಂವಹನ ಪದ್ಧತಿ ಮೋಡ್‌ಬಸ್‌ನಲ್ಲಿ ಆದೇಶ ಕಳಿಸಿದ್ದು ಯಾರೆಂದು ಪರಿಶೀಲಿಸುವ ವ್ಯವಸ್ಥೆಯೇ ಇಲ್ಲ. ನೆಟ್‌ವರ್ಕ್‌ನಲ್ಲಿ ಮೋಡ್‌ಬಸ್ ಬಳಸುವ 502ನೇ ಪೋರ್ಟ್ ಮುಟ್ಟಬಲ್ಲ ಯಾವ ಕಂಪ್ಯೂಟರಾದರೂ ಪಂಪ್ ನಿಲ್ಲಿಸಬಹುದು.

ಆದ್ದರಿಂದ ಪಿಎಲ್‌ಸಿಗಳನ್ನು ಕಚೇರಿ ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ನಡುವೆ ಮೋಡ್‌ಬಸ್ ಬಿಡಿಸಿ ನೋಡಬಲ್ಲ ಫೈರ್‌ವಾಲ್ ಇಡಿ. ಬರೆಯುವ ಆದೇಶಗಳು, ಮುಖ್ಯವಾಗಿ ಫಂಕ್ಷನ್ ಕೋಡ್ (ಆದೇಶದ ಬಗೆ ತಿಳಿಸುವ ಸಂಖ್ಯೆ) 5, 6, 15, 16, ಇಡೀ ಘಟಕವನ್ನು ನಿಗಾವಹಿಸಿ ನಿಯಂತ್ರಿಸುವ ಸ್ಕಾಡಾ ಸರ್ವರ್‌ನಿಂದ ಮಾತ್ರ ಬರಲಿ. ದತ್ತಾಂಶ ಸಂಗ್ರಹಿಸುವ ಸರ್ವರ್‌ಗೆ ಓದುವ 3, 4 ಸಾಕು.

ಪಿಎಲ್‌ಸಿ ಮೇಲಿನ ಕೀ ಸ್ವಿಚ್, ಪ್ರೋಗ್ರಾಂ ಬದಲಿಸಲು ಬಿಡದ 'ರನ್' ಸ್ಥಾನದಲ್ಲಿರಲಿ, ಕೀ ತೆಗೆದಿಡಿ. ಕಾರ್ಖಾನೆಯೊಂದರ ಸುರಕ್ಷತಾ ನಿಯಂತ್ರಕಗಳ ಮೇಲೆ ನಡೆದ 2017ರ ಟ್ರೈಟಾನ್ ಸೈಬರ್ ದಾಳಿಗೆ ದಾರಿಯಾದದ್ದರಲ್ಲಿ 'ಪ್ರೋಗ್ರಾಂ' ಸ್ಥಾನದಲ್ಲೇ ಉಳಿದ ಸ್ವಿಚ್ಚೂ ಒಂದು.

ದಯವಿಟ್ಟು ಚಾಲನೆಯಲ್ಲಿರುವ ಘಟಕದ ಮೇಲೆ ತೆರೆದ ಪೋರ್ಟ್‌ಗಳನ್ನು ಹುಡುಕುವ ಪೋರ್ಟ್ ಸ್ಕ್ಯಾನರ್ ಓಡಿಸಬೇಡಿ. ಹಳೆಯ ಪಿಎಲ್‌ಸಿಗಳು ಅಷ್ಟಕ್ಕೇ ಹ್ಯಾಂಗ್ ಆಗಬಹುದು. ಬದಲಿಗೆ ನೆಟ್‌ವರ್ಕ್ ಸ್ವಿಚ್‌ನ ಮಿರರ್ ಪೋರ್ಟ್‌ನಿಂದ (ಹಾದುಹೋಗುವ ದತ್ತಾಂಶದ ನಕಲು ಕೊಡುವ ಪೋರ್ಟ್) ಸಂಚಾರ ಗಮನಿಸಿ.