ಒದ್ದೆ ಸ್ಕರ್ಟ್, ಮುಚ್ಚಿಟ್ಟ ಚೀಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಗಂಡನಿಗೆ 38 ವರ್ಷ, ಕೂತು ಮಾಡುವ ಕಚೇರಿ ಕೆಲಸ. ಮದುವೆಯಾಗಿ 11 ವರ್ಷ, 9 ವರ್ಷದ ಮಗ. ಗಂಡ ವ್ಯಾಯಾಮಕ್ಕೆ ಒಯ್ಯುವ ಚೀಲದ ತಳದಲ್ಲಿ, ಟವೆಲ್‌ನೊಳಗೆ ಸುತ್ತಿಟ್ಟ ಬೂದು ಬಣ್ಣದ ಸ್ಕರ್ಟ್ ಹೆಂಡತಿಯ ಕೈಗೆ ಸಿಕ್ಕಿತ್ತು. ರಾತ್ರಿ ಒಗೆದು, ಒಣಹಾಕಲು ಜಾಗವಿಲ್ಲದೆ ಹಿಂಡಿ ಹಾಗೆಯೇ ತುರುಕಿದ್ದರಿಂದ ಮುಗ್ಗಲು ವಾಸನೆ ಬರುತ್ತಿತ್ತು. ಯಾರದು ಎಂದು ಕೇಳಿದಾಗ ‘ನನ್ನದೇ’ ಎಂಬ ಉತ್ತರ ಬಂತು. ಮೊದಲ ಭೇಟಿಯಲ್ಲಿ ಆಕೆ ಹೇಳಿದ ಮಾತು ದಾಖಲೆಯಲ್ಲಿದೆ: ‘ಬೇರೆ ಹೆಂಗಸಿನದು ಅಂದಿದ್ದರೆ ಮುಂದೇನು ಮಾಡಬೇಕು ಅಂತಾದರೂ ಗೊತ್ತಾಗುತ್ತಿತ್ತು.’

ಗಂಡ ಕೇಳಿದ್ದು ಒಂದೇ. ಮನೆಯಲ್ಲೂ ಹೊರಗೂ ದಿನನಿತ್ಯ ಸ್ಕರ್ಟ್ ತೊಡಬೇಕು, ಅದು ದೊಡ್ಡ ವಿಷಯ ಆಗಬಾರದು. ಹೆಂಡತಿ ಕೇಳಿದ್ದೂ ಒಂದೇ. ಇದರ ಅರ್ಥ ಏನು?

ಮೊದಲ ಎರಡು ಭೇಟಿ ಇಬ್ಬರೊಂದಿಗೂ ಬೇರೆ ಬೇರೆಯಾಗಿ ನಡೆಯಿತು. ಸ್ಕರ್ಟ್ ತೊಡುವ ಗಂಡಸಿಗೆ ಕಾರಣ ನಾಲ್ಕಾರು ಇರಬಹುದು: ಮೈಗೆ ಹಿತ, ನೋಟದ ಮೇಲಿನ ಇಷ್ಟ, ತನ್ನ ಲಿಂಗತ್ವದ ಬಗೆಗಿನ ಒಳಗಿನ ಅರಿವು, ಲೈಂಗಿಕ ಪ್ರಚೋದನೆ. ಸಲಹೆಗಾರರು ಇದರಲ್ಲಿ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳಿದರೆ ಎದುರಿನವರು ಅದೇ ಉತ್ತರ ಕೊಡುತ್ತಾರೆ, ಇಲ್ಲವೇ ಮಾತು ನಿಲ್ಲಿಸುತ್ತಾರೆ. ನಾಲ್ಕನ್ನೂ ಸಮಾನ ಸ್ವರದಲ್ಲಿ ಮುಂದಿಟ್ಟು ಕೇಳಬೇಕು. ಈ ಗಂಡನಲ್ಲಿ ಮೊದಲ ಎರಡು ಕಾರಣ ಮಾತ್ರ ಇದ್ದವು. ಕಾಯಿಲೆಯೇ ಎಂದು ಹೆಂಡತಿ ಕೇಳಿದ್ದಕ್ಕೆ ಅಲ್ಲ ಎಂದೇ ನೇರವಾಗಿ ಹೇಳಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹಿಂದಿನ ಆವೃತ್ತಿಯಲ್ಲಿ ಅನ್ಯಲಿಂಗದ ಉಡುಪು ತೊಡುವುದರ ಹೆಸರಿನಲ್ಲಿದ್ದ ರೋಗಗಳನ್ನು ಅದರಲ್ಲಿ ಕೈಬಿಡಲಾಗಿದೆ.

ಗಂಡ ಮೊದಲು ಕೊಟ್ಟ ಕಾರಣ ಚರ್ಮದ್ದು. ಎಂಟು ಗಂಟೆ ಬಿಗಿ ಪ್ಯಾಂಟಿನಲ್ಲಿ ಕೂತು ಒಳತೊಡೆ ಬೆವರಿ, ಉಜ್ಜಿ, ಗಾಯವಾಗುತ್ತಿತ್ತು. ಅದು ನಿಜ. ಆದರೆ ‘ಹಾಕಿಕೊಂಡರೆ ಚೆನ್ನಾಗಿ ಕಾಣುತ್ತೇನೆ ಅನಿಸುತ್ತದೆ’ ಎಂಬ ಇನ್ನರ್ಧ ಹೊರಬರಲು ಮೂರನೇ ಭೇಟಿ ಆಗಬೇಕಾಯಿತು. ಗಂಡಸಿಗೆ ಹಿತ ಬೇಕು ಎಂದರೆ ಜನ ಒಪ್ಪುತ್ತಾರೆ, ಅಂದ ಬೇಕು ಎಂದರೆ ಹುಬ್ಬೇರಿಸುತ್ತಾರೆ. ಹಾಗಾಗಿ ಅನೇಕರು ವೈದ್ಯಕೀಯ ಕಾರಣದ ಹಿಂದೆ ಅಡಗುತ್ತಾರೆ. ಇದು ಮುಂದೆ ತಿರುಗುಬಾಣವಾಗುತ್ತದೆ. ಗಾಯ ಮಾಯ್ದ ಮರುದಿನ ‘ಇನ್ನೂ ಯಾಕೆ ಹಾಕುತ್ತೀ’ ಎಂಬ ಪ್ರಶ್ನೆ ಬರುತ್ತದೆ, ಆಗ ಕೈಯಲ್ಲಿ ಉತ್ತರ ಇರುವುದಿಲ್ಲ. ಎರಡೂ ಕಾರಣವನ್ನು ಹೆಂಡತಿಯ ಮುಂದೆ ಒಂದೇ ಸಲ ಹೇಳಬೇಕೆಂದು ಸಲಹೆ ಕೊಡಲಾಯಿತು. ಹೇಳಿದರು. ಆಕೆ ಹೆಚ್ಚು ಹೊತ್ತು ಅತ್ತದ್ದು ಸ್ಕರ್ಟಿಗಲ್ಲ, ನಾಲ್ಕು ತಿಂಗಳ ಗುಟ್ಟಿಗೆ.

ಅಲ್ಲಿಯವರೆಗೆ ಗಂಡ ದಿನವೂ ಆಕೆಯ ಫೋನಿಗೆ ಸ್ಕಾಟ್ಲೆಂಡಿನ ಕಿಲ್ಟ್, ಮ್ಯಾನ್ಮಾರಿನ ಲೋಂಜಿ, ಫಿಜಿಯ ಸುಲು ಎಂಬ ಸ್ಕರ್ಟಿನಂಥ ಉಡುಪು ತೊಟ್ಟ ಗಂಡಸರ ಚಿತ್ರ ಕಳಿಸುತ್ತಿದ್ದರು. ಆಕೆಯ ಉತ್ತರ ಸರಿಯಾಗಿಯೇ ಇತ್ತು: ‘ಅದು ಅಲ್ಲಿ ಗಂಡಸರ ಉಡುಪು ಅಂತ ಎಲ್ಲರೂ ಒಪ್ಪಿದ್ದಾರೆ. ಇದನ್ನು ಯಾರು ಒಪ್ಪಿದ್ದಾರೆ?’ ಕಾಲುಗಳ ನಡುವೆ ಹೊಲಿಗೆ ಇದೆಯೋ ಇಲ್ಲವೋ ಎಂಬುದು ಇಲ್ಲಿ ತಕರಾರಲ್ಲ. ಈ ಬಟ್ಟೆಗೆ ‘ಹೆಂಗಸರದು’ ಎಂಬ ಚೀಟಿ ಅಂಟಿದೆ, ತಕರಾರು ಅದು. ಚಿತ್ರ ಕಳಿಸುವುದನ್ನು ನಿಲ್ಲಿಸಲು ಹೇಳಲಾಯಿತು.

ಅದಕ್ಕಿಂತ ಹತ್ತಿರದ ಉದಾಹರಣೆ ಹೆಂಗಸರ ಪ್ಯಾಂಟು. ಪ್ಯಾರಿಸ್ಸಿನಲ್ಲಿ 1800ರ ಆದೇಶದ ಪ್ರಕಾರ ಗಂಡಸರ ಉಡುಪು ತೊಡಲು ಹೆಂಗಸು ಪೊಲೀಸರ ಅನುಮತಿ ಪಡೆಯಬೇಕಿತ್ತು. ಕುದುರೆ ಸವಾರಿಗೆ 1892ರಲ್ಲಿ, ಸೈಕಲ್ಲಿಗೆ 1909ರಲ್ಲಿ ವಿನಾಯಿತಿ ಸಿಕ್ಕಿತು. ಆ ಆದೇಶಕ್ಕೆ ಬೆಲೆಯಿಲ್ಲ ಎಂದು ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ. ಅಷ್ಟರಲ್ಲಿ ಪ್ಯಾಂಟು ತೊಟ್ಟ ಹೆಂಗಸು ಯಾರ ಕಣ್ಣಿಗೂ ಬೀಳದಷ್ಟು ರೂಢಿಯಾಗಿ ಎಷ್ಟೋ ದಶಕ ಕಳೆದಿತ್ತು. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಪ್ಯಾಂಟು ಹಾಕಿದರೆ ಚುರುಕಾಗಿ ಕಾಣುತ್ತೀ ಅಂತಾರೆ, ಇವರು ಲಂಗ ಹಾಕಿದರೆ ಕೀಳಾದರು ಅಂತಾರೆ. ಹಾಗಾದರೆ ಕೀಳು ಯಾರು, ನಾನೇ ತಾನೆ?’ ಎಂದರು. ‘ಬಳೆ ತೊಟ್ಟುಕೋ’ ಎಂಬ ಬೈಗುಳದ ಒಳಗಿರುವುದೂ ಇದೇ. ಈ ಪ್ರಕರಣದಲ್ಲಿ ದಿಕ್ಕು ಬದಲಾದದ್ದು ಆ ಪ್ರಶ್ನೆಯಿಂದ.

ಇನ್ನೊಂದು ವಿಷಯವನ್ನು ಗಂಡನಿಗೆ ಸ್ಪಷ್ಟಪಡಿಸಬೇಕಾಯಿತು. 2017ರ ಜೂನ್ ಬಿಸಿಲಿನಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಶಾಲಾ ಹುಡುಗರು, ಫ್ರಾನ್ಸಿನ ನಾಂತ್‌ನಲ್ಲಿ ಬಸ್ ಚಾಲಕರು ಸ್ಕರ್ಟ್ ತೊಟ್ಟು ಸುದ್ದಿಯಾದರು. ಜನ ಮೆಚ್ಚಿದರು. ಆದರೆ ಅವರು ಕೇಳಿದ್ದು ಚಡ್ಡಿಗೆ ಅನುಮತಿ, ಸ್ಕರ್ಟು ಪ್ರತಿಭಟನೆಯ ಉಪಾಯ. ನಾಳೆ ಕಳಚುವ ಸ್ಕರ್ಟನ್ನು ಜನ ನಗುತ್ತಲೇ ಒಪ್ಪುತ್ತಾರೆ. ನಾಳೆಯೂ ನಾಡಿದ್ದೂ ಇರುವ ಸ್ಕರ್ಟಿಗೆ ಆ ಚಪ್ಪಾಳೆ ಸಿಗುವುದಿಲ್ಲ. ಅದು ಬೇಸರ ಹುಟ್ಟಿಸುವಷ್ಟು ಮಾಮೂಲಾಗಬೇಕು, ಅದಕ್ಕೆ ಬೇಕಾದ್ದು ವಾದವಲ್ಲ, ಪುನರಾವರ್ತನೆ.

ಆಮೇಲಿನದು ಬಟ್ಟೆಯ ಕೆಲಸ. ಇದನ್ನು ಚಿಲ್ಲರೆ ವಿಷಯ ಎಂದು ಸಲಹೆಗಾರರು ಬಿಟ್ಟುಬಿಡುವುದು ದೊಡ್ಡ ತಪ್ಪು. ಕೋಣೆಯಲ್ಲಿ ಸ್ಕರ್ಟ್ ತೊಟ್ಟು ಕೂತಾಗ ಗಂಡ ಎರಡು ಬೆರಳಿನಿಂದ ಅಂಚನ್ನು ಮೊಣಕಾಲಿನತ್ತ ಎಳೆಯುತ್ತಲೇ ಇದ್ದರು, ಹತ್ತು ನಿಮಿಷದಲ್ಲಿ 14 ಸಲ. ನೋಡುವವರು ಆ ಬೆರಳುಗಳನ್ನು ಓದುತ್ತಾರೆ. ತೊಟ್ಟವನಿಗೇ ಅಳುಕಿದ್ದರೆ ನೋಡುವವನಿಗೆ ಅಣಕಿಸುವ ಧೈರ್ಯ ಬರುತ್ತದೆ.

ಆ ಸ್ಕರ್ಟ್ ಹೆಂಗಸರ ಅಳತೆಯದು. ಸೊಂಟ ಕಿರಿದು, ನಿತಂಬ ಅಗಲ ಎಂಬ ಲೆಕ್ಕದಲ್ಲಿ ಕತ್ತರಿಸಿದ್ದು. ಸೊಂಟಕ್ಕೂ ನಿತಂಬಕ್ಕೂ ಅಂತರ ಕಡಿಮೆ ಇರುವ ಗಂಡಸಿನ ಮೈಯಲ್ಲಿ ಅದು ಹೊಟ್ಟೆಗೆ ಬಿಗಿಯಾಗಿ, ಕೆಳಗೆ ಪೊಳ್ಳಾಗಿ ನಿಲ್ಲುತ್ತದೆ. ಹೊಕ್ಕುಳ ಮಟ್ಟದಲ್ಲಿ ಸೊಂಟ, ಅತಿ ಅಗಲದ ಕಡೆ ನಿತಂಬ, ಹೊಕ್ಕುಳಿನಿಂದ ಮೊಣಕಾಲಿನ ಮಧ್ಯದವರೆಗಿನ ಉದ್ದ, ಈ ಮೂರು ಅಳತೆ ಕೊಟ್ಟು ನೇರ ಕಟ್ಟಿನದನ್ನು ಹೊಲಿಸಬೇಕು. ಕೂತಾಗ ಅಂಚು ಮೇಲೇರುತ್ತದೆ, ಆದ್ದರಿಂದ ಕನ್ನಡಿಯ ಮುಂದೆ ನಿಂತು ಉದ್ದ ತೀರ್ಮಾನಿಸಬಾರದು, ಕುರ್ಚಿಯಲ್ಲಿ ಕೂತು ನೋಡಬೇಕು. ಬಟ್ಟೆ ಚದರ ಮೀಟರಿಗೆ 250 ಗ್ರಾಂ ಮೇಲ್ಪಟ್ಟ ಗಟ್ಟಿ ಹತ್ತಿ ಅಥವಾ ಡೆನಿಮ್ ಇದ್ದರೆ ಗಾಳಿಗೆ ಸುಲಭವಾಗಿ ಏಳುವುದಿಲ್ಲ. ಸುತ್ತುವ ಮಾದರಿಯಾದರೆ ಒಂದರ ಮೇಲೊಂದು ಬರುವ ಭಾಗ 25 ಸೆಂಟಿಮೀಟರ್ ಆದರೂ ಇರಲಿ. ಜೇಬು ಬೇಕೇ ಬೇಕು, ಇಲ್ಲದಿದ್ದರೆ ಕೈಗೆ ಮಾಡಲು ಕೆಲಸವಿಲ್ಲದೆ ಮತ್ತೆ ಅಂಚಿಗೇ ಹೋಗುತ್ತದೆ. ಪ್ಯಾಂಟಿಲ್ಲದಿದ್ದರೆ ತೊಡೆಗೆ ತೊಡೆ ಉಜ್ಜುತ್ತದೆ, ಗಾಯಕ್ಕೆಂದು ಸ್ಕರ್ಟಿಗೆ ಬಂದವರು ಇದನ್ನು ಮರೆತು ಗಾಯ ಹೆಚ್ಚಿಸಿಕೊಳ್ಳುತ್ತಾರೆ. ಒಳಗೆ ಮೊಣಕಾಲಿಗಿಂತ ಮೇಲೆ ನಿಲ್ಲುವ ತೆಳು ಚಡ್ಡಿ ಇರಲಿ. ತಿರುಗುವ ಯಂತ್ರ, ಮುಚ್ಚಿಲ್ಲದ ಚೈನು, ಬೆಂಕಿಯ ಬಳಿ ಸ್ಕರ್ಟ್ ಬೇಡ.

ಕೂರುವಾಗ ಎರಡೂ ಅಂಗೈಯಿಂದ ಹಿಂಬದಿಯನ್ನು ತೊಡೆಯ ಕೆಳಗೆ ಸವರಿಕೊಂಡು ಕೂರಬೇಕು. ಮೊಣಕಾಲು ಜೋಡಿಸಲು ಆಗದಿದ್ದರೆ ಮಧ್ಯದ ಬಟ್ಟೆಯನ್ನು ಎರಡು ಕಾಲುಗಳ ನಡುವೆ ಇಳಿಬಿಡಬೇಕು. ಇದನ್ನು ದಿನಕ್ಕೆ 20 ಸಲ ಮನೆಯಲ್ಲೇ ಅಭ್ಯಾಸ ಮಾಡಿದರು. ಎರಡು ವಾರದಲ್ಲಿ ಬೆರಳು ಅಂಚನ್ನು ಮರೆಯಿತು.

ನಡುವೆ ಒಂದು ಎಡವಟ್ಟಾಯಿತು. ಸಲಹೆ ಮೀರಿ ಅವರು ಮೊದಲ ಹೊರ ಸಂಚಾರಕ್ಕೆ ನೆಂಟರ ದೊಡ್ಡ ಸಮಾರಂಭವನ್ನೇ ಆರಿಸಿದರು, ಹೋಗುವ ಮುನ್ನ ಎಲ್ಲರಿಗೂ ಉದ್ದನೆಯ ಸಂದೇಶ ಕಳಿಸಿದರು. ಅದು ತಪ್ಪೊಪ್ಪಿಗೆಯ ಹಾಗೆ ಓದಿಸಿಕೊಂಡಿತು, ಜನ ಹಾಗೆಯೇ ನಡೆಸಿಕೊಂಡರು. ಒಬ್ಬರು ಲೇವಡಿ ಮಾಡಿದಾಗ ಅರ್ಧ ಗಂಟೆ ಇತಿಹಾಸ ಹೇಳಿದರು, ಮಗ ಮೂಲೆ ಸೇರಿದ.

ಮತ್ತೆ ಮೊದಲಿನಿಂದ ಜಾಗಗಳ ಸರದಿ ಮಾಡಲಾಯಿತು. ಮೂರು ವಾರ ಮನೆಯೊಳಗೆ. ಆಮೇಲೆ ಯಾರೂ ಪರಿಚಯವಿರದ ಕಡೆ ಹಗಲು ಹೊತ್ತಿನಲ್ಲಿ 20 ನಿಮಿಷದ ನಡಿಗೆ, ವಾರಕ್ಕೆ ಮೂರು ಸಲ. ನಂತರ ಒಬ್ಬಿಬ್ಬರು ಆಪ್ತರು. ನೆಂಟರ ಗುಂಪು ಕೊನೆಗೆ. ಪ್ರಶ್ನೆ ಬಂದರೆ ಒಂದೇ ವಾಕ್ಯ, ‘ನನಗೆ ಹಿತ, ಇಷ್ಟ ಕೂಡ’, ಅಲ್ಲಿಂದ ಮಾತು ಬೇರೆಡೆಗೆ. ಕುಡಿದವರು, ಗುಂಪುಗಟ್ಟಿದವರು ಚುಡಾಯಿಸಿದರೆ ಉತ್ತರಿಸದೆ ಜನರಿರುವತ್ತ ನಡೆಯುವುದು. ಅಲ್ಲಿ ನಿಲ್ಲುವುದು ಧೈರ್ಯವಲ್ಲ.

ಕಚೇರಿಗೆ ‘ಹಾಕಬಹುದೇ’ ಎಂದು ಬಾಯಲ್ಲಿ ಕೇಳಬೇಡಿ ಎಂದು ಹೇಳಲಾಯಿತು, ಏಕೆಂದರೆ ಬಾಯಲ್ಲಿ ಬರುವ ಮೊದಲ ಉತ್ತರ ಸಾಮಾನ್ಯವಾಗಿ ಬೇಡ ಎಂದೇ. ಉಡುಪಿನ ನಿಯಮದ ಪಠ್ಯವನ್ನು ಓದಿ, ಮೊಣಕಾಲು ಮುಚ್ಚುವ ಸ್ಕರ್ಟಿಗೆ ಅವಕಾಶವಿದ್ದರೆ ಅದು ಎಲ್ಲ ಸಿಬ್ಬಂದಿಗೂ ಅನ್ವಯವೇ ಎಂದು ಬರಹದಲ್ಲಿ ಕೇಳುವುದು. ಅನ್ವಯಿಸುತ್ತದೆ ಎಂಬ ಉತ್ತರ ಬಂತು.

ಮಗನ ವಿಷಯದಲ್ಲಿ ನಮ್ಮ ನಿಲುವು ಗಟ್ಟಿ. ಶಾಲೆಯ ಗೇಟು ಮಗುವಿನ ಜಾಗ, ಅಲ್ಲಿ ಏಟು ತಿನ್ನುವವನು ಅಪ್ಪನಲ್ಲ. ಅಲ್ಲಿಗೆ ಅಪ್ಪ ಯಾವುದು ತೊಟ್ಟು ಬರಬೇಕೆಂದು ಮಗನನ್ನೇ ಕೇಳಬೇಕು, ಉತ್ತರವನ್ನು ಪಾಲಿಸಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ಹುಡುಗ ಮೊದಲು ಪ್ಯಾಂಟು ಎಂದ. ಎರಡನೇ ಸಲ ‘ಮಳೆ ಬಂದರೆ ಪ್ಯಾಂಟು, ಇಲ್ಲದಿದ್ದರೆ ನಿನ್ನಿಷ್ಟ’ ಎಂದ. ಅಪ್ಪ ವಿನಾಯಿತಿ ಕೇಳಿ ಗೋಗರೆಯದಿದ್ದುದು ಇಲ್ಲಿ ಕೆಲಸ ಮಾಡಿತು.

ಏಳನೇ ತಿಂಗಳ ಭೇಟಿಯ ಹೊತ್ತಿಗೆ ವಾರದಲ್ಲಿ ನಾಲ್ಕು ದಿನ ಕಚೇರಿಗೆ ಸ್ಕರ್ಟ್ ಹೋಗುತ್ತಿತ್ತು. ಒಗೆದದ್ದನ್ನು ಎಲ್ಲರ ಬಟ್ಟೆಯ ಜೊತೆ ಹೊರಗಿನ ಹಗ್ಗದ ಮೇಲೆ ಹಾಕಬೇಕೆಂದು ಹೆಂಡತಿಯೇ ಪಟ್ಟು ಹಿಡಿದಿದ್ದರು. ಗಂಡನ ತಾಯಿಯ ಮನೆಗೆ ಮಾತ್ರ ಇನ್ನೂ ಪ್ಯಾಂಟು. ಆ ತಾಯಿ ಸ್ಕರ್ಟ್ ಬೇಡ ಎಂದಿಲ್ಲ, ತನ್ನ ಮಗ ಬಂದಾಗ ಮಾತಾಡುವುದನ್ನೇ ಬಿಟ್ಟಿದ್ದಾರೆ. ಅದಕ್ಕಾಗಿ ತಾಯಿಯನ್ನೂ ಸೇರಿಸಿ ಎರಡು ಭೇಟಿ ನಿಗದಿಯಾಗಿದೆ.